ಕೋಟೆ ಇಲ್ಲದ ಕೋಟೆ ಬೀದಿಗಳು: ನಮ್ಮ ಪೇಟೆ ಊರುಗಳ ಗೋಡೆ, ಬಾಗಿಲುಗಳ ಗುರುತು ಹಾಕೋಣವೇ?

ಕೋಟೆಬೀದಿ:
ನಾಗಮಂಗಲ, ಮದ್ದೂರು, ಪಿರಿಯಾಪಟ್ಟಣ, ಮೈಸೂರು. ಈ ಊರುಗಳಲ್ಲಿ ಕೋಟೆ ಬೀದಿ ಅಂತಲೋ, ಕೋಟೆ ಮಾರಮ್ಮ ಅಂತಲೋ, ಕೋಟೆ ಆಂಜನೇಯ ಅಂತಲೋ ಒಂದು ಹೆಸರು ಕೇಳಿಯೇ ಇರುತ್ತೀರಿ. ಆದರೆ ಕೋಟೆ ಎಲ್ಲಿ ಎಂದರೆ ತೋರಿಸುವವರು ಕಡಿಮೆ. ನಾನು ನಾಗಮಂಗಲದವನು, ಈಗ ಮೈಸೂರಲ್ಲಿದ್ದೇನೆ. ನಮ್ಮೂರಿಗೆ ಒಳಕೋಟೆ, ಹೊರಕೋಟೆ ಅಂತ ಎರಡು ಸುತ್ತು ಇದ್ದವು. ಸೌಮ್ಯಕೇಶವನ ಗುಡಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಗುಡಿಯ ಸುತ್ತ ಇದ್ದ ಪೇಟೆಗೆ ಯಾವ ದಿಕ್ಕಲ್ಲಿ ಬಾಗಿಲಿತ್ತು, ಗೋಡೆ ಎಲ್ಲಿ ತಿರುಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ನನ್ನ ವಿಚಾರ ಇಷ್ಟೇ. ಗೋಡೆ ಹೋಗಿದೆ, ಆದರೆ ಅದು ನಿಂತಿದ್ದ ಗೆರೆ ಹೋಗಿಲ್ಲ. ಚರಂಡಿ, ಓಣಿ, ಗುಡಿ, ಸಂತೆಮಾಳ ಇವುಗಳಲ್ಲಿ ಇನ್ನೂ ಇದೆ. ಮುಂದಿನ ಕಾಂಕ್ರೀಟ್ ಬೀಳುವ ಮೊದಲು ಆ ಗೆರೆಯನ್ನಾದರೂ ನಕ್ಷೆಯ ಮೇಲೆ ಹಾಕಿಡಬೇಕು. ನಿಮ್ಮ ನಿಮ್ಮ ಊರಲ್ಲಿ ಏನು ಉಳಿದಿದೆ ಹೇಳಿ.

ಪಟ್ನದವ:
ಶ್ರೀರಂಗಪಟ್ಟಣದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಗೋಡೆ ಇನ್ನೂ ಇದೆ, ಆದ್ದರಿಂದ ನಾವೇ ಪುಣ್ಯವಂತರು ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಮೈಸೂರು ಬಾಗಿಲು, ಬೆಂಗಳೂರು ಬಾಗಿಲು, ಆನೆ ಬಾಗಿಲು, ನೀರು ಬಾಗಿಲು ಎಲ್ಲದಕ್ಕೂ ಹೆಸರಿದೆ. ಆದರೆ ಇರುವ ಗೋಡೆಯಲ್ಲೂ ಕಳೆದುಹೋದದ್ದು ಜಾಸ್ತಿ. ಬೆಂಗಳೂರು ಮೈಸೂರು ರೈಲು ದಾರಿ ಕೋಟೆಯನ್ನು ಸೀಳಿಕೊಂಡೇ ಹೋಗಿದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ಪಕ್ಕಕ್ಕೆ, ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ಅದನ್ನು ನೋಡಲು ಊರೇ ಸೇರಿತ್ತು. ಮನಸ್ಸು ಮಾಡಿದರೆ ಉಳಿಸಬಹುದು ಎನ್ನುವುದಕ್ಕೆ ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಂಡಿಮೊಹಲ್ಲಾ:
ಮೈಸೂರಿನ ಕೋಟೆ ಅಂದರೆ ಅರಮನೆ ಸುತ್ತಲಿನ ಗೋಡೆ ಅಲ್ವಾ? ಅದು ಇದೆಯಲ್ಲ. ಕಳೆದುಹೋದದ್ದು ಏನು?

ಮಂಡ್ಯ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂವತ್ತು ವರ್ಷಕ್ಕೂ ಜಾಸ್ತಿ ಇತಿಹಾಸ ಪಾಠ ಹೇಳಿದವನು ನಾನು.

ಮೈಸೂರಿನ ಕೋಟೆಯ ಕಲ್ಲುಗಳು ಎರಡು ಸಲ ಪ್ರಯಾಣ ಮಾಡಿವೆ. 16ನೇ ಶತಮಾನದ ಹೊತ್ತಿಗೆ ಇಲ್ಲಿ ಒಡೆಯರ ಕೋಟೆ ಇತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ ರಾಜಧಾನಿ ಅಲ್ಲಿಗೆ ಹೋಯಿತು, ಮೈಸೂರು ಎರಡನೇ ಊರಾಯಿತು. 1780ರ ದಶಕದಲ್ಲಿ ಟಿಪ್ಪು ಈ ಹಳೇ ಕೋಟೆಯನ್ನೂ ಊರನ್ನೂ ಕೆಡವಿಸಿ, ಕಲ್ಲುಗಳನ್ನು ಸುಮಾರು ಒಂದು ಮೈಲಿ ಪೂರ್ವಕ್ಕೆ ಸಾಗಿಸಿ ಹೊಸ ಕೋಟೆ ಕಟ್ಟಿಸಲು ಹೊರಟ. ಅದೇ ನಜರಬಾದ್. ಅದು ಮುಗಿಯುವ ಮೊದಲೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಬೇಕು, ಮೈಸೂರಿನಲ್ಲಿ ಅರಮನೆಯೇ ಇಲ್ಲ. ಚಪ್ಪರ ಹಾಕಿ ಪಟ್ಟಾಭಿಷೇಕ ಮಾಡಿದರು. ಆಮೇಲೆ ಅದೇ ಕಲ್ಲುಗಳನ್ನು ನಜರಬಾದಿನಿಂದ ವಾಪಸು ತಂದು ಹಳೇ ಜಾಗದಲ್ಲೇ ಕೋಟೆ ಕಟ್ಟಿದರು.

ಆ ಕೋಟೆ ಚೌಕಾಕಾರ. ಮೂರು ಕಡೆ ಸುಮಾರು 450 ಗಜ, ದಕ್ಷಿಣದ ಕಡೆ ಸ್ವಲ್ಪ ಉದ್ದ. ಉತ್ತರ, ದಕ್ಷಿಣ, ಪಶ್ಚಿಮಕ್ಕೆ ಬಾಗಿಲುಗಳು. ಉತ್ತರ ಮತ್ತು ದಕ್ಷಿಣ ಬಾಗಿಲ ಮುಂದೆ ಇನ್ನೊಂದು ಹೊರಗೋಡೆಯ ಕಾವಲು. ಸುತ್ತ ಕಂದಕ, ಪೂರ್ವಕ್ಕೆ ದೊಡ್ಡಕೆರೆ. ಒಳಗೆ ಅರಮನೆ ಒಂದೇ ಅಲ್ಲ, ಒತ್ತೊತ್ತಾಗಿ ಜನರ ಮನೆಗಳಿದ್ದವು. 1897ರಲ್ಲಿ ಮರದ ಅರಮನೆ ಸುಟ್ಟಿತು, ಮರುವರ್ಷ ಪ್ಲೇಗ್ ಸಂಸ್ಥಾನಕ್ಕೆ ಕಾಲಿಟ್ಟಿತು, 1903ರಲ್ಲಿ ನಗರ ಅಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಆಯಿತು. ಇಕ್ಕಟ್ಟಿನ ಕೇರಿಗಳು ಖಾಲಿಯಾಗಿ ಹೊಸ ಬಡಾವಣೆಗಳು ಎದ್ದವು. ಇವತ್ತು ನೀವು ನೋಡುವುದು ಗೋಡೆಯ ಒಂದಷ್ಟು ಭಾಗ ಮತ್ತು ಹೊಸ ಕಾಲದ ಅಲಂಕಾರದ ದ್ವಾರಗಳು. ಕಂದಕ ಇಲ್ಲ, ಹೊರಗಾವಲು ಇಲ್ಲ, ಒಳಗಿನ ಊರೂ ಇಲ್ಲ. ಜಯಮಾರ್ತಾಂಡ ದ್ವಾರದಲ್ಲಿ ನಿಂತು ಇದೇ ಹಳೇ ಕೋಟೆ ಬಾಗಿಲು ಎಂದು ಪ್ರವಾಸಿಗರಿಗೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಂಡಿಮೊಹಲ್ಲಾ:
ಮೇಷ್ಟ್ರೇ, ಧನ್ಯವಾದ. ನಮ್ಮ ಮನೆ ಇರುವುದು ಈ ಕಥೆಯ ಪಕ್ಕದಲ್ಲೇ. ಹಾಗಾದರೆ ದಸರೆಯ ದಿನ ನಂದಿಧ್ವಜ ಪೂಜೆ ಆಗುವ ಉತ್ತರದ ಬಾಗಿಲು, ಅಲ್ಲಿರುವ ಕೋಟೆ ಆಂಜನೇಯ, ಅದು ಹಳೇ ಜಾಗವೇ?

ಮಂಡ್ಯ ಮೇಷ್ಟ್ರು:
ದಿಕ್ಕು ಅದೇ. ಆಂಜನೇಯನ ಹೆಸರಲ್ಲೇ ಕೋಟೆ ಇದೆ ನೋಡಿ. ನಮ್ಮ ಕಡೆ ಊರುಬಾಗಿಲ ಹತ್ತಿರ ಆಂಜನೇಯನನ್ನು ನಿಲ್ಲಿಸುವುದು ರೂಢಿ. ಬಾಗಿಲು ಹೋದರೂ ದೇವರನ್ನು ಯಾರೂ ಕದಲಿಸುವುದಿಲ್ಲ. ಗೋಡೆ ಹುಡುಕುವವರು ಮೊದಲು ಗುಡಿಗಳ ಪಟ್ಟಿ ಮಾಡಬೇಕು.

ಚೈನು ಸರಪಳಿ:
ನಾನು ಭೂಮಾಪನದ ಕೆಲಸದಲ್ಲಿರುವವನು. ಕೋಟೆಬೀದಿ ಅವರ ಮಾತಿಗೆ ನಾಲ್ಕು ಮಾತು ಸೇರಿಸುತ್ತೇನೆ.

ಮಣ್ಣಿನ ಕೋಟೆ ಕಟ್ಟುವುದು ಹೇಗೆ ಗೊತ್ತಲ್ವಾ? ಸುತ್ತ ಕಂದಕ ತೋಡುತ್ತಾರೆ, ಆ ಮಣ್ಣನ್ನೇ ಒಳಬದಿಗೆ ಎಸೆದು, ನೀರು ಹಾಕಿ ತುಳಿದು, ಪದರ ಪದರವಾಗಿ ಗೋಡೆ ಏರಿಸುತ್ತಾರೆ. ಕೆಡವುವಾಗ ಅದರ ಉಲ್ಟಾ. ಗೋಡೆಯನ್ನು ಕಂದಕಕ್ಕೆ ತಳ್ಳಿದರೆ ಎರಡೂ ಒಟ್ಟಿಗೆ ಮಾಯ. ಅದಕ್ಕೇ ಮಣ್ಣಿನ ಕೋಟೆಯ ಊರುಗಳಲ್ಲಿ ಒಂದು ಕಲ್ಲೂ ಕಾಣುವುದಿಲ್ಲ. ಆದರೆ ಹಾಗೆ ತುಂಬಿದ ಮಣ್ಣು ಗಟ್ಟಿ ನೆಲದಂತೆ ಇರುವುದಿಲ್ಲ. ವರ್ಷ ವರ್ಷವೂ ಕುಸಿಯುತ್ತದೆ, ನೀರು ನಿಲ್ಲುತ್ತದೆ, ಮನೆ ಗೋಡೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಊರಿನ ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ, ಊರಿನ ದೊಡ್ಡ ಚರಂಡಿ ಯಾಕೆ ಬಿಲ್ಲಿನ ಹಾಗೆ ಬಾಗಿದೆ, ಇದನ್ನು ನೋಡಿ. ಎಷ್ಟೋ ಸಲ ಅದೇ ಕಂದಕದ ದಾರಿ.

ಇನ್ನು ಗ್ರಾಮ ನಕ್ಷೆ. ಗ್ರಾಮಠಾಣಾ ಗೆರೆ, ಅಂದರೆ ಊರಿನ ಮನೆಗಳಿರುವ ನೆಲದ ಎಲ್ಲೆ, ಸುಮ್ನೆ ಹಾಕಿದ್ದಲ್ಲ. ಹಳೇ ಪೇಟೆ ಊರುಗಳಲ್ಲಿ ಆ ಗೆರೆಯ ಒಂದು ಬದಿ ಗುಂಡಗೆ ಅಥವಾ ಚೌಕವಾಗಿ ಅಚ್ಚುಕಟ್ಟಾಗಿ ತಿರುಗಿದ್ದರೆ ಅಲ್ಲಿ ಏನೋ ಇತ್ತು ಎಂದು ಅನುಮಾನ ಪಡಿ. ಅದರ ಪಕ್ಕ ಉದ್ದಕ್ಕೆ, ಅಗಲ ಕಡಿಮೆ ಇರುವ ಖರಾಬು (ಸಾಗುವಳಿಗೆ ಬಾರದ ನೆಲ) ಪಟ್ಟಿ ಬಿದ್ದಿದ್ದರೆ ಅನುಮಾನ ಇನ್ನೂ ಗಟ್ಟಿ. ಗೋಡೆ, ಕಂದಕದ ನೆಲ ಸರ್ಕಾರದ್ದಾಗಿ ಉಳಿದು, ಆಮೇಲೆ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್ ಅಲ್ಲೇ ಬಂದಿರುವ ಊರುಗಳಿವೆ.

ಗಂಜಾಂ ಅಕ್ಕ:
ಎಲ್ಲರೂ ಶ್ರೀರಂಗಪಟ್ಟಣದ ಕೋಟೆ ಬಗ್ಗೆ ಮಾತಾಡುತ್ತೀರಿ, ಅದೇ ದ್ವೀಪದಲ್ಲಿರುವ ನಮ್ಮ ಗಂಜಾಂ ನೆನಪಿಗೇ ಬರುವುದಿಲ್ಲ. ಕೋಟೆಯೊಳಗೆ ಅರಮನೆ, ರಂಗನಾಥ, ಸೈನ್ಯ. ವ್ಯಾಪಾರ, ಕಸುಬು ಎಲ್ಲ ಇದ್ದದ್ದು ಶಹರ್ ಗಂಜಾಮಿನಲ್ಲಿ. ಸಿರಾದಿಂದ ಸಾವಿರಾರು ಕುಟುಂಬಗಳನ್ನು ತಂದು ಇಲ್ಲಿ ನೆಲೆ ಮಾಡಿಸಿದರು. ಈ ಪೇಟೆಗೂ ತನ್ನದೇ ಮಣ್ಣಿನ ಗೋಡೆ ಇತ್ತು. ನಮ್ಮ ಅಜ್ಜಿ ಊರಾಚೆಯ ಒಂದು ದಿಣ್ಣೆಗೆ ಗೋಡೆ ದಿಣ್ಣೆ ಅನ್ನುತ್ತಿದ್ದರು, ಈಗ ಅಲ್ಲಿ ಸೈಟುಗಳಾಗಿವೆ. ಟಿಪ್ಪು ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಎಂದು 1800ರಲ್ಲಿ ಕಂಪನಿಯ ಕಡೆಯಿಂದ ಸಮೀಕ್ಷೆಗೆ ಬಂದ ಬುಕಾನನ್ ಅಂದಾಜು ಮಾಡಿದ್ದ. ಅಷ್ಟು ಜನ ದಿನಾ ಹೋಗಿ ಬರುತ್ತಿದ್ದ ಬಾಗಿಲು ಎಲ್ಲಿತ್ತು ಎಂದು ಒಂದು ಕಲ್ಲೂ ನೆಟ್ಟಿಲ್ಲ. ರಾಜರು ಸತ್ತ ಜಾಗಕ್ಕೆ ಫಲಕ ಇದೆ. ಬಳೆಗಾರರು, ನೇಕಾರರು, ಹೇರು ಹೊಡೆದುಕೊಂಡು ಬಂದವರು ಸುಂಕ ಕಟ್ಟಿದ ಜಾಗಕ್ಕೆ ಯಾಕಿಲ್ಲ?

ಕೋಟೆಬೀದಿ:
ಅಕ್ಕಾ, ನೀವು ಹೇಳಿದ್ದು ನನ್ನ ಮನಸ್ಸಿನಲ್ಲೇ ಇದ್ದದ್ದು. ಪೇಟೆಯ ಬಾಗಿಲು ಅಂದರೆ ಬರೀ ಯುದ್ಧಕ್ಕಲ್ಲ. ವರ್ಷದ ಎಲ್ಲ ದಿನ ಅದು ಸುಂಕದ ಜಾಗ. ಉಪ್ಪು, ಅಡಿಕೆ, ಬೆಲ್ಲ, ಬಟ್ಟೆ ಹೊತ್ತ ಎತ್ತುಗಳು ಅಲ್ಲೇ ನಿಂತು ಲೆಕ್ಕ ಕೊಟ್ಟು ಒಳಗೆ ಬರಬೇಕು. ಕತ್ತಲಾದರೆ ಬಾಗಿಲು ಹಾಕುತ್ತಿದ್ದರು. ತಡವಾಗಿ ಬಂದವರು ಹೊರಗೇ ತಂಗಬೇಕು. ಅದಕ್ಕೇ ಬಾಗಿಲ ಹೊರಗೆ ಕೆರೆಯೋ ಬಾವಿಯೋ, ಅರವಟ್ಟಿಗೆ, ಛತ್ರ, ಎತ್ತು ಬಿಡುವ ಬಯಲು. ಆ ಬಯಲೇ ಎಷ್ಟೋ ಕಡೆ ಸಂತೆಮಾಳ ಆಗಿದೆ. ನಿಮ್ಮೂರ ಸಂತೆಮಾಳದಿಂದ ಊರೊಳಗೆ ಹೋಗುವ ಹಳೇ ಬೀದಿಯಲ್ಲಿ ನಡೆಯಿರಿ. ಎಲ್ಲೋ ಒಂದು ಕಡೆ ಬೀದಿ ಕಾರಣವೇ ಇಲ್ಲದೆ ತಿರುಗುತ್ತದೆ. ಅಲ್ಲಿ ನಿಲ್ಲಿ. ಕೋಟೆ ಬಾಗಿಲಿಗೆ ನೇರ ದಾರಿ ಇಡುತ್ತಿರಲಿಲ್ಲ. ಆನೆ ಓಡಿ ಬಂದು ಬಾಗಿಲು ಗುದ್ದಬಾರದು ಎಂದು ಒಂದು ಬಾಗಿಲು ದಾಟಿದ ಮೇಲೆ ತಿರುಗಿ ಇನ್ನೊಂದು ಬಾಗಿಲು. ಆ ತಿರುವು ಬೀದಿಯಲ್ಲಿ ಉಳಿದುಬಿಡುತ್ತದೆ.

ಬಾಗಿಲಿನ ಹೆಸರು ಕೂಡ ದಾರಿಯ ಹೆಸರು. ಶ್ರೀರಂಗಪಟ್ಟಣದಲ್ಲಿ ಮೈಸೂರು ಬಾಗಿಲು ಎಂದರೆ ಮೈಸೂರಿಗೆ ಹೋಗುವ ಬಾಗಿಲು. ಬೆಂಗಳೂರು ಪೇಟೆಯಲ್ಲೂ ಅಷ್ಟೇ, ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು. 1791ರ ಮಾರ್ಚ್ 7ರಂದು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ನುಗ್ಗಿದ್ದು ಆ ಪೇಟೆಗೇ. ಗೋಡೆ ಹೋಗಿ ನೂರು ವರ್ಷದ ಮೇಲಾಯಿತು, ಹಲಸೂರು ಗೇಟ್ ಪೊಲೀಸ್ ಠಾಣೆ ಇನ್ನೂ ಇದೆ.

ಹುಣಸೂರು ರಸ್ತೆ:
ಇದೆಲ್ಲ ಓದಲು ಚೆನ್ನಾಗಿದೆ. ಆದರೆ ಒಂದು ನೇರ ಮಾತು. ಇಂಗ್ಲಿಷರು ಬಂದು ಒಡೆದು ಹಾಕಿದರು, ಮುಗಿಯಿತು. ಈಗ ಇಲ್ಲದ ಗೋಡೆಗೆ ದುಡ್ಡು ಹಾಕುವ ಬದಲು ಇರುವ ಕಟ್ಟಡ ನೋಡಿಕೊಳ್ಳಬಾರದೇ? 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲೇ ಬಿತ್ತು. ನಮ್ಮ ಕಣ್ಣೆದುರಿನ ಪೇಟೆ ಬಾಗಿಲು ಅದು.

ಮಂಡ್ಯ ಮೇಷ್ಟ್ರು:
ದೇವರಾಜ ಮಾರುಕಟ್ಟೆಯ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು, ನಾನೂ ಅದರಲ್ಲಿ ಪಾಲುದಾರ. ಆದರೆ ಎಲ್ಲವನ್ನೂ ಇಂಗ್ಲಿಷರ ತಲೆಗೆ ಕಟ್ಟುವುದು ಸರಿಯಲ್ಲ. ಮದ್ದೂರು ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸ್ ಕೆಡವಿಸಿದ್ದು ನಿಜ. ಮೈಸೂರು ಕೋಟೆ ಕೆಡವಿಸಿದ್ದು ಟಿಪ್ಪು. ನಾಗಮಂಗಲವನ್ನು ಹಾಳು ಮಾಡಿದ್ದು ಮರಾಠರ ಸೈನ್ಯ. ಉಳಿದದ್ದನ್ನು ತೆಗೆದುಕೊಂಡು ಹೋದವರು ನಾವೇ. ಯುದ್ಧ ನಿಂತ ಮೇಲೆ ಕೋಟೆ ಯಾರಿಗೆ ಬೇಕು? ಚಪ್ಪಡಿ ಕಲ್ಲು ಮನೆಯ ಜಗಲಿಗೆ, ಸೈಜುಗಲ್ಲು ಬಾವಿಯ ಕಟ್ಟೆಗೆ ಹೋಯಿತು. ಹಳೇ ಗೋಡೆಯ ಮಣ್ಣು ಹೊಲಕ್ಕೆ ಗೊಬ್ಬರದಷ್ಟೇ ಒಳ್ಳೆಯದು ಎಂದು ಗಾಡಿಗಟ್ಟಲೆ ಹೊಡೆದರು. ಹಳೇ ಮಣ್ಣುಗೋಡೆಯ ಬುಡದಿಂದ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುವವರೂ ಇದ್ದರು. ಇದರಲ್ಲಿ ಯಾರ ತಪ್ಪೂ ಇಲ್ಲ, ಬದುಕಬೇಕಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯ ಮರ ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋಗಿದೆ, ಈಗಲೂ ಅಲ್ಲಿ ನೋಡಬಹುದು. ಹಾಳಾದ ಕಟ್ಟಡ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೋದರೆ ಊರಿನ ಮನೆ ಮನೆಯಲ್ಲೂ ಸಿಗುತ್ತದೆ.

ಪಿರಿಯಾಪಟ್ಟಣದ ಹುಡುಗಿ:
ಮೇಷ್ಟ್ರು ಹೇಳಿದ್ದು ನಮ್ಮೂರಿಗೂ ಸರಿಯಾಗಿ ಒಪ್ಪುತ್ತದೆ. ಚಂಗಾಳ್ವ ಅರಸರ ಊರು ಇದು, ಒಡೆಯರು ಗೆದ್ದುಕೊಂಡರು, 1791ರ ಯುದ್ಧದಲ್ಲಿ ಪೆಟ್ಟು ತಿಂದ ಕೋಟೆ ಮತ್ತೆ ಮೇಲೇಳಲಿಲ್ಲ. ಕೊಡಗಿನಿಂದ ಬರುವ ದಾರಿ ಮೇಲಿರುವುದರಿಂದ ಪ್ರತಿ ದಂಡೂ ಇಲ್ಲಿಗೇ ಬರಬೇಕಿತ್ತು. ಚಿಕ್ಕಂದಿನಲ್ಲಿ ಕೋಟೆಯ ಕಡೆ ಹೋಗಬೇಡಿ, ಹಾವಿದೆ ಎನ್ನುತ್ತಿದ್ದರು. ಈಗ ಹೋಗಿ ನೋಡಿದರೆ ಪೊದೆಯೊಳಗೆ ಕಲ್ಲಿನ ಸಾಲು ಅಲ್ಲಲ್ಲಿ ಕಾಣುತ್ತದೆ. ಒಂದು ಪ್ರಶ್ನೆ ಇದೆ. ಅರಳಿ ಗಿಡ ಗೋಡೆಯೊಳಗೆ ಬೇರು ಬಿಟ್ಟಿದೆ. ನಾವೇ ಹುಡುಗರು ಸೇರಿ ಕಿತ್ತು ಸ್ವಚ್ಛ ಮಾಡಬಹುದೇ?

ಪಟ್ನದವ:
ತಂಗಿ, ದಯವಿಟ್ಟು ಎಳೆದು ಕೀಳಬೇಡಿ. ನಮ್ಮಲ್ಲಿ ಹಾಗೆ ಮಾಡಿ ಕಲ್ಲು ಸಮೇತ ಕೈಗೆ ಬಂದಿದೆ. ಗಾರೆ ಹೋದ ಗೋಡೆಯಲ್ಲಿ ಕಲ್ಲುಗಳನ್ನು ಹಿಡಿದಿಟ್ಟಿರುವುದೇ ಎಷ್ಟೋ ಸಲ ಆ ಬೇರು. ಬುಡದಲ್ಲಿ ಕತ್ತರಿಸಿ, ಮತ್ತೆ ಚಿಗುರದಂತೆ ಔಷಧಿ ಹಾಕಿ, ಬೇರು ಒಣಗಿದ ಮೇಲೆ ಸುಣ್ಣದ ಗಾರೆ ತುಂಬಬೇಕು. ಸಿಮೆಂಟು ಹಾಕಬಾರದು. ಅದು ನೀರನ್ನು ಒಳಗೇ ಹಿಡಿದಿಟ್ಟುಕೊಂಡು ಗೋಡೆಯನ್ನು ಉಬ್ಬಿಸುತ್ತದೆ. ಇದನ್ನು ಗೊತ್ತಿರುವವರೇ ಮಾಡಬೇಕು, ಪುರಾತತ್ವ ಇಲಾಖೆಯ ಒಪ್ಪಿಗೆಯೂ ಬೇಕು. ನೀವು ಮಾಡಬಹುದಾದದ್ದು ಹುಲ್ಲು, ಕಸ ತೆಗೆಯುವುದು ಮತ್ತು ಪ್ರತಿ ಮಳೆಗಾಲಕ್ಕೆ ಮುಂಚೆ, ಆಮೇಲೆ ಅದೇ ಜಾಗದಿಂದ ಫೋಟೋ ತೆಗೆದಿಡುವುದು.

ಗೋಡೆ ಇರುವ ಊರಿನವನ ಕಷ್ಟವನ್ನೂ ಹೇಳುತ್ತೇನೆ. ಕೇಂದ್ರದ ರಕ್ಷಣೆ ಇರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 2010ರ ತಿದ್ದುಪಡಿ ಆದ ಮೇಲೆ ಬಿಗಿ ಜಾಸ್ತಿ. ಕೋಟೆಯೊಳಗೇ ಊರಿದ್ದರೆ ಲೆಕ್ಕ ಹಾಕಿ. ನಮ್ಮ ತಂದೆ ಮನೆಯ ಸೂರು ರಿಪೇರಿ ಮಾಡಿಸಲು ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಅಲೆದರು. ಅಷ್ಟರಲ್ಲಿ ಮಳೆ ಬಂದು ಹಿಂದಿನ ಕೋಣೆ ಬಿತ್ತು. ಆದರೂ ಕೋಟೆ ಬೇಡ ಎಂದು ನಾನು ಎಂದೂ ಹೇಳುವುದಿಲ್ಲ. ಊರಿನವರನ್ನು ಕೋಟೆಯ ಶತ್ರು ಮಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಚೈನು ಸರಪಳಿ:
ಅಣ್ಣ, ಇದಕ್ಕೇ ಜನ ಗುರುತು ಹಾಕಲು ಹೆದರುತ್ತಾರೆ. ನಮ್ಮ ಸೈಟಿನ ಕೆಳಗೆ ಕೋಟೆ ಇತ್ತು ಎಂದು ಗೊತ್ತಾದರೆ ಎಲ್ಲಿ ಕಾನೂನು ಬಂದು ಕೂರುತ್ತದೋ ಎಂಬ ಭಯ. ಆ 100 ಮೀಟರ್ ನಿಯಮ ಬರುವುದು ಕೇಂದ್ರದ ರಕ್ಷಿತ ಸ್ಮಾರಕ ಎಂದು ಘೋಷಿಸಿದ ಜಾಗಕ್ಕೆ ಮಾತ್ರ. ನಾವು ನಕ್ಷೆಯಲ್ಲಿ ಒಂದು ಗೆರೆ ಎಳೆದ ಕೂಡಲೇ ಯಾರ ಮನೆಯೂ ರಕ್ಷಿತ ಸ್ಮಾರಕ ಆಗುವುದಿಲ್ಲ. ಇದನ್ನು ಮೊದಲೇ ಮನೆಯವರಿಗೆ ಬಿಡಿಸಿ ಹೇಳಬೇಕು. ಅವರ ಒಪ್ಪಿಗೆ ಇಲ್ಲದೆ ಅಂಗಳಕ್ಕೆ ಟೇಪು ಹಿಡಿದು ಹೋಗಬಾರದು.

ಗಂಜಾಂ ಅಕ್ಕ:
ನೀರಿನ ಬಗ್ಗೆ ಯಾರೂ ಬರೆದಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲಿನ ಮೇಲೆ ಸೇತುವೆ ಹತ್ತಿ ದ್ವೀಪಕ್ಕೆ ಬರುತ್ತದೆ. ಹೊಳೆ ಸುತ್ತ ಇದ್ದರೂ ಊರೊಳಗೆ ನೀರು ತರಲು ಅಷ್ಟು ಕೆಲಸ ಮಾಡಿದ್ದರು. ಗೋಡೆ ಹುಡುಕುವಾಗ ನಾಲೆ ಎಲ್ಲಿಂದ ಒಳಗೆ ಬಂತು ಎನ್ನುವುದನ್ನೂ ನೋಡಬೇಕು. ನೀರಿಗೂ ಒಂದು ಕಿಂಡಿ ಬೇಕಲ್ಲ.

ಮಂಡಿಮೊಹಲ್ಲಾ:
ಅಕ್ಕ ನೀರು ಎಂದ ಮೇಲೆ ನೆನಪಾಯಿತು. ಸಯ್ಯಾಜಿರಾವ್ ರಸ್ತೆಯ ಕೆಳಗೆ ಪೂರ್ಣಯ್ಯ ನಾಲೆ ಇತ್ತಂತೆ, ನಿಜವೇ?

ಮಂಡ್ಯ ಮೇಷ್ಟ್ರು:
ನಿಜ. ಕಾವೇರಿ ನೀರನ್ನು ಮೈಸೂರಿಗೆ ತರಲು ದಿವಾನ್ ಪೂರ್ಣಯ್ಯ ತೋಡಿಸಿದ ನಾಲೆ. ಅಂದುಕೊಂಡ ಹಾಗೆ ನೀರು ಹರಿಯಲಿಲ್ಲ, ಊರಿನೊಳಗೆ ಆಳವಾದ ಕೊಳಕು ಹಳ್ಳವಾಗಿ ಉಳಿಯಿತು, ಆಮೇಲೆ ಮುಚ್ಚಿದರು. ದೊಡ್ಡಕೆರೆಯೂ ಹಾಗೇ ಹೋಯಿತು. ವಸ್ತು ಪ್ರದರ್ಶನಕ್ಕೆ ಹೋದವರು ನಡೆಯುವುದು ಕೋಟೆಯ ಪೂರ್ವದ ಕೆರೆಯಂಗಳದಲ್ಲಿ. ದಸರೆಗೆ ಬರುವ ಲಕ್ಷಾಂತರ ಜನರಿಗೆ ಇದನ್ನು ಹೇಳುವ ಒಂದು ದೊಡ್ಡ ನಕ್ಷೆ ಅಲ್ಲಿ ನಿಲ್ಲಿಸಿದರೆ ಎಷ್ಟು ಚೆನ್ನ! ಹುಣಸೂರು ರಸ್ತೆಯವರು ದುಡ್ಡಿನ ಮಾತಾಡಿದರು, ಒಂದು ಫಲಕಕ್ಕೆ ಎಷ್ಟು ಬೇಕು ಹೇಳಿ.

ಹುಣಸೂರು ರಸ್ತೆ:
ಫಲಕಕ್ಕೆ ನನ್ನ ವಿರೋಧ ಇಲ್ಲ ಸಾರ್. ಹೊಸದಾಗಿ ಸುಳ್ಳು ಕಮಾನು ಕಟ್ಟಿ ಕೋಟೆ ಬಾಗಿಲು ಎಂದು ಬಣ್ಣ ಹೊಡೆಯುವುದಕ್ಕೆ ಮಾತ್ರ ವಿರೋಧ. ಎಷ್ಟು ಊರುಗಳಲ್ಲಿ ನೋಡಿದ್ದೇನೆ, ಹಳೇ ಕಂಬ ತೆಗೆದು ಕಾಂಕ್ರೀಟಿನ ಸ್ವಾಗತ ಕಮಾನು. ಅದು ಆಗದಿದ್ದರೆ ನಾನೂ ಜೊತೆಗಿದ್ದೇನೆ.

ಕೋಟೆಬೀದಿ:
ಕಮಾನು ಬೇಡವೇ ಬೇಡ, ಅದರಲ್ಲಿ ಎರಡು ಮಾತಿಲ್ಲ. ರಸ್ತೆ ಮೇಲೆ ಬೇರೆ ಬಣ್ಣದ ಕಲ್ಲಿನ ಒಂದು ಪಟ್ಟಿ ಹಾಸಿದರೆ ಸಾಕು. ಇಲ್ಲಿ ಗೋಡೆ ಇತ್ತು, ಇಲ್ಲಿ ಬಾಗಿಲಿತ್ತು ಎಂದು ಕಾಲಿಗೆ ತಿಳಿಯಬೇಕು.

ನಾಗಮಂಗಲದಿಂದ ಶುರು ಮಾಡುತ್ತೇನೆ, ನನ್ನೂರು ಅದು. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹೊಸ ಮುದ್ರಣದ 7ನೇ ಸಂಪುಟದಲ್ಲಿ ನಾಗಮಂಗಲ, ಮದ್ದೂರು, ಮಳವಳ್ಳಿ, ಮಂಡ್ಯ ತಾಲೂಕುಗಳ ಶಾಸನಗಳಿವೆ. 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. ಮೇಷ್ಟ್ರೇ, ಕೋಟೆ, ಬಾಗಿಲು, ಸುಂಕ ಎಂದು ಬರುವ ಶಾಸನಗಳನ್ನು ನೀವು ಗುರುತು ಹಾಕಿ ಕೊಡಬೇಕು, ನಿಮ್ಮಷ್ಟು ಚೆನ್ನಾಗಿ ಹಳಗನ್ನಡ ಓದುವುದು ನಮಗೆ ಆಗುವುದಿಲ್ಲ. ಸರಪಳಿಯವರೇ, ಗ್ರಾಮ ನಕ್ಷೆಯ ಮೇಲೆ ಗೆರೆ ಹಾಕುವುದು ನಿಮ್ಮ ಪಾಲು. ಗುಡಿಗಳ ಪಟ್ಟಿ, ಸಂತೆಮಾಳ, ನೀರು ನಿಲ್ಲುವ ಬೀದಿಗಳು, ಹಿರಿಯರು ಹೇಳುವ ಜಾಗದ ಹೆಸರುಗಳು ನನ್ನ ಪಾಲು. ಹಿರಿಯರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ, ತಿದ್ದುವುದಿಲ್ಲ.

ಪಿರಿಯಾಪಟ್ಟಣದ ಹುಡುಗಿ:
ನಮ್ಮೂರಿನದು ನಾನು ಮಾಡುತ್ತೇನೆ. ನಕ್ಷೆ ಯಾವ ಕಚೇರಿಯಲ್ಲಿ ಕೇಳಬೇಕು?

ಚೈನು ಸರಪಳಿ:
ಗ್ರಾಮ ನಕ್ಷೆ ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ, ಜಿಲ್ಲೆ, ತಾಲೂಕು, ಹೋಬಳಿ ಆರಿಸಿ ಇಳಿಸಿಕೊಳ್ಳಬಹುದಮ್ಮ. ಪಟ್ಟಣದ ಒಳಗಿನ ವಿವರ ಬೇಕಿದ್ದರೆ ತಾಲೂಕು ಸರ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನಕಲು ಕೇಳಿ. ಮೊದಲು ಖರಾಬು ಪಟ್ಟಿಗಳಿಗೆ ಪೆನ್ಸಿಲಿನಲ್ಲಿ ಬಣ್ಣ ತುಂಬಿ ನನಗೆ ಕಳಿಸಿ, ಉಳಿದದ್ದು ಜೊತೆಗೆ ಕೂತು ನೋಡೋಣ.